ಜುಮುಜುಮು ಶುರುವಾದ ರಾತ್ರಿಯೇ ಗುಳಿಗೆ ಬೇಕು, ಅಂಗಡಿಯಲ್ಲಿ ಕೇಳೋಕೆ ನಾಚಿಕೆ. ಹರ್ಪಿಸ್ ಇರುವವರು ಹೇಗೆ ನಿಭಾಯಿಸ್ತಿದ್ದೀರಿ?

ಉಣಕಲ್ ದಂಡೆ:

ಎಲ್ಲರಿಗೂ ನಮಸ್ಕಾರ. ಹೆಸರು ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ಹುಬ್ಬಳ್ಳಿಯವನು, ವಯಸ್ಸು 36, ಮದುವೆಯಾಗಿ 7 ವರ್ಷ, ಒಬ್ಬ ಮಗ ಇದ್ದಾನೆ. ನನಗೆ ಜನನಾಂಗದ ಹರ್ಪಿಸ್ ಇದೆ. ಈ ಮಾತನ್ನು ಬರೆದು ನೋಡ್ತಿರೋದು ಇದೇ ಮೊದಲು.

2 ವರ್ಷದ ಹಿಂದೆ ಶುರುವಾಯಿತು. ಮೊದಲು ಜ್ವರ, ಮೈ ಕೈ ನೋವು, ತೊಡೆ ಸಂದಿನಲ್ಲಿ ಗಡ್ಡೆ. ಆಮೇಲೆ ಗುಳ್ಳೆ. ಸಾಸಿವೆ ಕಾಳಿನಷ್ಟು ಸಣ್ಣವು, ಗುಂಪು ಗುಂಪಾಗಿ, ಒಳಗೆ ನೀರು, ಬುಡ ಕೆಂಪು. ಎರಡು ದಿನಕ್ಕೆ ಒಡೆದು ಹುಣ್ಣಾದವು. ಮೂತ್ರ ಮಾಡುವಾಗ ಗೋಡೆ ಹಿಡಿದು ಹಲ್ಲು ಕಚ್ಚಿ ನಿಲ್ಲುತ್ತಿದ್ದೆ. ಮೆಡಿಕಲ್ ಅಂಗಡಿಗೆ ಹೋಗಿ "ತುರಿಕೆಗೆ ಏನಾದರೂ ಕೊಡಿ" ಅಂತ ಒಂದು ಮುಲಾಮು ತಂದು ಹಚ್ಚಿದೆ, ಅದು ಇನ್ನೂ ಹರಡಿತು. 9ನೇ ದಿನ ಚರ್ಮದ ಡಾಕ್ಟರ್ ಹತ್ತಿರ ಹೋದೆ. ನೋಡಿದ ತಕ್ಷಣ ಹರ್ಪಿಸ್ ಅಂತ ಹೇಳಿದರು. ವೈರಸ್ ತಡೆಯುವ ಗುಳಿಗೆ ಬರೆದರು, ಅಸೈಕ್ಲೋವಿರ್ 400, ದಿನಕ್ಕೆ 3 ಹೊತ್ತು, 10 ದಿನ. ಆರಿತು.

ಆದರೆ ಹೋಗಲಿಲ್ಲ. ಈಗ ವರ್ಷಕ್ಕೆ 5-6 ಸಲ ಬರುತ್ತದೆ. ಬರುವ ಮುಂಚೆ ಎಡ ತೊಡೆಯ ಹಿಂದೆ ಇರುವೆ ಹರಿದ ಹಾಗೆ ಜುಮುಜುಮು ಅನ್ನುತ್ತದೆ, ಮರುದಿನ ಗುಳ್ಳೆ. ಜುಮುಜುಮು ಅಂದ ಕೂಡಲೇ ಗುಳಿಗೆ ನುಂಗಿ ಅಂತ ಡಾಕ್ಟರ್ ಹೇಳಿದ್ದಾರೆ. ನಮ್ಮ ಓಣಿಯ ಮೆಡಿಕಲ್ ಅಂಗಡಿಯವರು ನಮ್ಮಪ್ಪನ ಗೆಳೆಯರು. ಒಂದು ಸಲ ಚೀಟಿ ಕೊಟ್ಟೆ, ಕನ್ನಡಕ ಸರಿ ಮಾಡಿಕೊಂಡು ಓದಿ, ಅಂಗಡಿಯಲ್ಲಿ ನಾಲ್ಕು ಜನ ಇರುವಾಗ "ಯಾರಿಗಪಾ ಇದು?" ಅಂದರು. ಅವತ್ತಿನಿಂದ ಅಲ್ಲಿ ಹೋಗಿಲ್ಲ. ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ ತರುತ್ತೇನೆ, ಅದೂ ರಜೆ ಸಿಕ್ಕಾಗ. ಗುಳಿಗೆ ಕೈಗೆ ಬರೋ ಹೊತ್ತಿಗೆ ಮೂರನೇ ದಿನ ಆಗಿರುತ್ತದೆ.

ಹೆಂಡತಿಗೆ ಗೊತ್ತಿಲ್ಲ. ಗುಳ್ಳೆ ಬಂದಾಗ ಬೆನ್ನು ನೋವು ಅಂತ ಹೇಳಿ ಹೊರಗಿನ ಕೋಣೆಯಲ್ಲಿ ಮಲಗುತ್ತೇನೆ. ಪಾಪ, ಎಣ್ಣೆ ಕಾಯಿಸಿಕೊಂಡು ಬಂದು ಬೆನ್ನಿಗೆ ತಿಕ್ಕುತ್ತಾಳೆ. ಮದುವೆಗೆ ಮುಂಚೆ ಪುಣೆಯಲ್ಲಿ ಕೆಲಸಕ್ಕಿದ್ದಾಗ ಒಂದು ಸಂಬಂಧ ಇತ್ತು, ಮದುವೆಯಾದ ಮೇಲೆ ಏನೂ ಇಲ್ಲ, ದೇವರಾಣೆ. ಅವಳು ನಂಬುತ್ತಾಳಾ?

ದಿನಾ ಗುಳಿಗೆ ತೆಗೆದುಕೊಂಡರೆ ಕಿಡ್ನಿ ಹೋಗುತ್ತದೆ ಅಂತಾರೆ, ನಿಜಾನಾ? ಮನೆಯಲ್ಲಿ ಹೇಗೆ ಹೇಳಿದಿರಿ, ಹೇಳಿದವರು ಇದ್ದರೆ ದಯವಿಟ್ಟು ಬರೆಯಿರಿ.

ಮಳೆ ಧಾರವಾಡ:

ತಮ್ಮಾ, ನನಗೆ 41 ವಯಸ್ಸು, ಇದು ಬಂದು 11 ವರ್ಷ. ಮೊದಲು ಒಂದು ಮಾತು. ಇದರಿಂದ ನೀನು ಸಾಯುವುದಿಲ್ಲ, ನಿನ್ನ ಮಗನಿಗೆ ಎತ್ತಿಕೊಂಡರೆ ಬರುವುದಿಲ್ಲ, ಒಂದೇ ತಾಟಿನಲ್ಲಿ ಉಂಡರೂ ಬರುವುದಿಲ್ಲ. ನನಗೆ ಮೊದಲ ವರ್ಷ ಯಾರೂ ಇದನ್ನು ಹೇಳಿರಲಿಲ್ಲ. ನನ್ನ ಟವೆಲ್ ಬೇರೆ, ಸೋಪು ಬೇರೆ, ಬಟ್ಟೆ ಬೇರೆ ತೊಳೆಯುತ್ತಿದ್ದೆ. ಅತ್ತೆಯವರು "ಇವಳಿಗೆ ಮಡಿ ಹುಚ್ಚು ಹಿಡಿದಿದೆ" ಅಂದುಕೊಂಡಿದ್ದರು. ಅಷ್ಟೆಲ್ಲ ಬೇಕಿರಲಿಲ್ಲ. ಈ ವೈರಸ್ ಮೈ ಬಿಟ್ಟು ಹೊರಗೆ ಜಾಸ್ತಿ ಹೊತ್ತು ಬದುಕುವುದಿಲ್ಲ. ಚರ್ಮಕ್ಕೆ ಚರ್ಮ ತಾಗಿದಾಗ ಬರುವ ರೋಗ ಇದು.

ಗುಳಿಗೆ ವಿಷಯ. ಬಂದ ಮೇಲೆ ಹುಡುಕೋದಲ್ಲ, ಮನೆಯಲ್ಲಿ ಮೊದಲೇ ಇರಬೇಕು. ಮುಂದಿನ ಸಲಕ್ಕೆ ಅಂತ ಮೊದಲೇ ಬರೆದುಕೊಡಿ ಎಂದು ಡಾಕ್ಟರ್‌ಗೆ ಕೇಳು, ಕೊಡುತ್ತಾರೆ. ನನಗೆ ಅಸೈಕ್ಲೋವಿರ್ ಜಾತಿಯದೇ ವಾಲಾಸೈಕ್ಲೋವಿರ್ 500, ದಿನಕ್ಕೆ ಎರಡರಂತೆ 3 ದಿನ ಅಂತ ಬರೆದಿದ್ದಾರೆ. ಎರಡು ಸಲಕ್ಕೆ ಆಗುವಷ್ಟು ಪಾಕೀಟು ಪರ್ಸಿನ ಒಳಗಿನ ಜಿಪ್‌ನಲ್ಲಿ ಇಟ್ಟಿರುತ್ತೇನೆ, ತವರಿಗೆ ಹೋದರೂ ಮದುವೆಗೆ ಹೋದರೂ ಜೊತೆಗೆ ಬರುತ್ತದೆ. ನನಗೆ ಸೊಂಟದ ಕೆಳಗೆ ಸುಜಿ ಚುಚ್ಚಿದ ಹಾಗೆ ಆಗುತ್ತದೆ. ಆಗಲೇ, ರಾತ್ರಿ 2 ಗಂಟೆಯಾದರೂ ಎದ್ದು ನುಂಗುತ್ತೇನೆ. ಎಷ್ಟೋ ಸಲ ಗುಳ್ಳೆ ಏಳುವುದೇ ಇಲ್ಲ. ಬೆಳಿಗ್ಗೆ ನೋಡೋಣ ಅಂತ ಮಲಗಿದ ಸಲ ಮಾತ್ರ ವಾರ ನರಳಿದ್ದೇನೆ.

ಮೊದಲ 24 ಗಂಟೆ, ಅಷ್ಟೇ ಅದರ ಆಟ. ಗುಳ್ಳೆ ಒಡೆದು ಹುಣ್ಣಾದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ನೀನು ಚಿಗರಿ ಹತ್ತಿ ಬರೋ ಹೊತ್ತಿಗೆ ವೈರಸ್ ತನ್ನ ಕೆಲಸ ಮುಗಿಸಿರುತ್ತದೆ.

ದುರ್ಗದಬೈಲ್:

ಅಣ್ಣಾ, ನಾನು ಒಂದು ವರ್ಷದಿಂದ ಶೇಂಗಾ ಬಿಟ್ಟಿದ್ದೇನೆ. ಶೇಂಗಾದಲ್ಲಿರುವ ಅರ್ಜಿನಿನ್ ಅನ್ನುವ ಪ್ರೋಟೀನ್ ಅಂಶದಿಂದ ಹರ್ಪಿಸ್ ಎದ್ದೇಳುತ್ತದೆ, ಲೈಸಿನ್ ಅನ್ನುವ ಇನ್ನೊಂದು ಅಂಶದ ಗುಳಿಗೆ ತಿಂದರೆ ಬರಲ್ಲ ಅಂತ ಯಾವುದೋ ವೀಡಿಯೊದಲ್ಲಿ ನೋಡಿದೆ. ನಮ್ಮ ಮನೆಯಲ್ಲಿ ರೊಟ್ಟಿ ಜೊತೆ ಶೇಂಗಾ ಚಟ್ನಿ ಇಲ್ಲದ ದಿನ ಇಲ್ಲ. ಅವ್ವ ದಿನಾ ಕೇಳುತ್ತಾಳೆ, ಯಾಕೋ ತಿನ್ನಲ್ಲ ಅಂತ. ಬಿಟ್ಟ ಮೇಲೂ 4 ಸಲ ಬಂದಿದೆ. ಲೈಸಿನ್ ಡಬ್ಬಿಗೆ ದುಡ್ಡೂ ಹೋಯಿತು. ಯಾರಿಗಾದರೂ ಕೆಲಸ ಮಾಡಿದೆಯಾ?

ಮಾತ್ರೆ ಡಬ್ಬಿ:

ನಾನು ಹಾವೇರಿ ಕಡೆಯವನು, 15 ವರ್ಷದಿಂದ ಔಷಧಿ ಅಂಗಡಿ ಇದೆ. ಮೊದಲು ಉಣಕಲ್ ಅಣ್ಣನಿಗೆ ನಮ್ಮ ಕಸುಬಿನವರ ಪರವಾಗಿ ಕ್ಷಮೆ ಕೇಳುತ್ತೇನೆ. ಚೀಟಿ ಓದಿ ಎಲ್ಲರ ಮುಂದೆ ಯಾರಿಗೆ ಅಂತ ಕೇಳುವುದು ತಪ್ಪು. ನಾನು ಇಂಥ ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ ಕೊಡುತ್ತೇನೆ, ಹೇಗೆ ತೆಗೆದುಕೊಳ್ಳಬೇಕು ಅನ್ನುವುದನ್ನು ಮೂಲೆಗೆ ಕರೆದು ಹೇಳುತ್ತೇನೆ.

ಶೇಂಗಾ ತಿನ್ನು ತಮ್ಮಾ. ಶೇಂಗಾ ಬಿಟ್ಟರೆ ಹರ್ಪಿಸ್ ನಿಲ್ಲುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ, ಲೈಸಿನ್‌ಗೂ ಇಲ್ಲ. ನಿಮ್ಮ ಅವ್ವನ ಚಟ್ನಿ ತಪ್ಪು ಮಾಡಿಲ್ಲ. ಜ್ವರ, ನಿದ್ದೆಗೇಡು, ತುಂಬಾ ಟೆನ್ಶನ್, ಹೆಂಗಸರಿಗೆ ತಿಂಗಳ ಮುಟ್ಟು, ಆ ಜಾಗದಲ್ಲಿ ಜಾಸ್ತಿ ಉಜ್ಜಾಟ ಇವುಗಳಿಂದ ಏಳುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು. ಕ್ಯಾಲೆಂಡರ್ ಮೇಲೆ ಗುರುತು ಹಾಕಿಟ್ಟರೆ ನಿಮ್ಮದು ಯಾವುದು ಅಂತ ನಿಮಗೇ ತಿಳಿಯುತ್ತದೆ.

ಈಗ ಆ ಮುಲಾಮು. ಅಣ್ಣಾ, ನೀವು ಹಚ್ಚಿದ್ದು ಮೂರು ಔಷಧಿ ಬೆರೆಸಿದ್ದು ಇರಬೇಕು. ಅದರಲ್ಲಿ ಕ್ಲೊಬೆಟಾಸಾಲ್‌ನಂಥ ಸ್ಟೀರಾಯ್ಡ್ ಇರುತ್ತದೆ. ತುರಿಕೆಗೆ ತಕ್ಷಣ ತಂಪು ಅನಿಸುತ್ತದೆ, ಅದಕ್ಕೇ ಜನ ಕೇಳಿ ಕೇಳಿ ಒಯ್ಯುತ್ತಾರೆ. ಆದರೆ ಸ್ಟೀರಾಯ್ಡ್ ಆ ಜಾಗದ ಚರ್ಮದ ಶಕ್ತಿಯನ್ನೇ ತಗ್ಗಿಸುತ್ತದೆ, ವೈರಸ್‌ಗೆ ದಾರಿ ಬಿಟ್ಟ ಹಾಗೆ. ತೊಡೆ ಸಂದು, ಜನನಾಂಗಕ್ಕೆ ಅಂಥದ್ದನ್ನು ಡಾಕ್ಟರ್ ಹೇಳದೆ ಯಾವತ್ತೂ ಹಚ್ಚಬೇಡಿ. ಅಸೈಕ್ಲೋವಿರ್ ಮುಲಾಮು ಅಂತ ಬೇರೆ ಬರುತ್ತದೆ, ಅದರಿಂದ ಅಪಾಯ ಇಲ್ಲ, ಉಪಯೋಗವೂ ಅಷ್ಟಕ್ಕಷ್ಟೆ. ಕೆಲಸ ಮಾಡುವುದು ಹೊಟ್ಟೆಗೆ ತೆಗೆದುಕೊಳ್ಳುವ ಗುಳಿಗೆ.

ಕಿಡ್ನಿ ಬಗ್ಗೆ ಕೇಳಿದ್ದೀರಿ. ಆರೋಗ್ಯವಾಗಿರುವವರಿಗೆ ಭಯ ಬೇಡ. ಅಸೈಕ್ಲೋವಿರ್ ಬಂದು 40 ವರ್ಷ ದಾಟಿದೆ, ದಿನಾ ತೆಗೆದುಕೊಂಡವರನ್ನು 6 ವರ್ಷದವರೆಗೆ ಗಮನಿಸಿ ಸುರಕ್ಷಿತ ಅಂದಿದ್ದಾರೆ. ಮೊದಲೇ ಕಿಡ್ನಿ ತೊಂದರೆ ಇದ್ದವರಿಗೆ, ವಯಸ್ಸಾದವರಿಗೆ ಮಾತ್ರ ಡಾಕ್ಟರ್ ಪ್ರಮಾಣ ಇಳಿಸುತ್ತಾರೆ. ಗುಳಿಗೆ ನಡೆದಿರುವಾಗ ನೀರು ಚೆನ್ನಾಗಿ ಕುಡಿಯಬೇಕು, ನಮ್ಮ ಕಡೆ ಬೇಸಿಗೆಯಲ್ಲಿ ಇನ್ನೂ ಜಾಸ್ತಿ.

ಇನ್ನೊಂದು. ನಮ್ಮಲ್ಲಿ ಹರ್ಪಿಸ್ ಅಂದ ಕೂಡಲೇ ಸರ್ಪಸುತ್ತು ಅಂದುಕೊಳ್ಳುತ್ತಾರೆ. ಹೆಸರು ಹತ್ತಿರ, ರೋಗ ಬೇರೆ, ವೈರಸ್ ಬೇರೆ. ಸರ್ಪಸುತ್ತು ಬರುವುದು ಸಿಡುಬಿನ ಹಾಗೆ ಕಾಣುವ ಆ ಚಿಕನ್‌ಪಾಕ್ಸ್ ವೈರಸ್‌ನಿಂದ, ಅದಕ್ಕೆ ಅಸೈಕ್ಲೋವಿರ್ 800 ದಿನಕ್ಕೆ 5 ಸಲ ಕೊಡುತ್ತಾರೆ. ಅಕ್ಕಪಕ್ಕದವರ ಹಳೇ ಚೀಟಿ ತಂದು ಅದನ್ನೇ ಕೊಡಿ ಅಂತ ಕೇಳುವವರು ಇದ್ದಾರೆ. ಬೇಡ.

ಯಾಲಕ್ಕಿ ಮಾಲೆ:

ಸರ್ಪಸುತ್ತು ಅಂದಿರಲ್ಲ, ನನ್ನದು ಅದೇ ಕಥೆ. ವಯಸ್ಸು 27. ಊರಲ್ಲಿ ಅಜ್ಜಿಗೆ ಮಾತ್ರ ಹೇಳಿದ್ದೆ, ಎಲ್ಲಿ ಅಂತ ಹೇಳಿರಲಿಲ್ಲ, ತೊಡೆ ಹತ್ತಿರ ಅಂದೆ. ಸರ್ಪಸುತ್ತು ಅಂತ ಕೆಮ್ಮಣ್ಣು ಹಚ್ಚಿಸಿದರು. ನಾಗಪ್ಪನಿಗೆ ಹಾಲು ಎರೆದು ಬಂದೆವು. ವಾರದಲ್ಲಿ ಒಣಗಿತು, ಎಲ್ಲರೂ ಕೆಮ್ಮಣ್ಣಿಂದ ಹೋಯಿತು ಅಂದರು. ಎರಡು ತಿಂಗಳಿಗೆ ಮತ್ತೆ ಬಂತು.

ಆಮೇಲೆ ಬಸ್ ಸ್ಟ್ಯಾಂಡ್ ಗೋಡೆಯ ಮೇಲಿನ ಚೀಟಿ ನೋಡಿ ಹೋದೆ. ಗುಪ್ತರೋಗಕ್ಕೆ ಶಾಶ್ವತ ಪರಿಹಾರ, ಇಂಥ ತಾರೀಕು ಇಂಥ ಲಾಡ್ಜ್‌ನಲ್ಲಿ ಸಿಗುತ್ತೇವೆ ಅಂತ ಇರುತ್ತದಲ್ಲ, ಅದು. ಕೋಣೆಯಲ್ಲಿ ಮಂಚದ ಮೇಲೆ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದರು. ಚಡ್ಡಿ ಬಿಚ್ಚಿಸಿ ನೋಡಲೂ ಇಲ್ಲ. ರಕ್ತದಿಂದ ಬೇರು ಸಮೇತ ತೆಗೆಯುತ್ತೇವೆ, 3 ತಿಂಗಳ ಕೋರ್ಸು, 18 ಸಾವಿರ ಅಂದರು. ಬೈಕಿನ ಕಂತಿಗೆ ಇಟ್ಟಿದ್ದ ದುಡ್ಡು ಕೊಟ್ಟೆ. ಕಪ್ಪು ಲೇಹ್ಯ, ಬೂದಿಯಂಥ ಪುಡಿ. ಎರಡನೇ ತಿಂಗಳು ಮುಖ ಊದಿಕೊಂಡಿತು, ಬಿಟ್ಟುಬಿಟ್ಟೆ. ಗುಳ್ಳೆ ಮತ್ತೆ ಬಂತು.

ಹೇಳಿಕೊಳ್ಳಲು ಆಗದ ರೋಗ ಅಂತ ಅವರಿಗೆ ಗೊತ್ತು, ಮೋಸ ಆದರೂ ಯಾರೂ ದೂರು ಕೊಡಲ್ಲ ಅಂತಲೂ ಗೊತ್ತು. ದಯವಿಟ್ಟು ಯಾರೂ ಹೋಗಬೇಡಿ.

ಸಮಾಲೋಚಕಿ:

ನಾನು ಸರಕಾರಿ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳ ಬಗ್ಗೆ ಸಮಾಲೋಚನೆ ಮಾಡುತ್ತೇನೆ, 9 ವರ್ಷ ಆಯಿತು. ಇಲ್ಲಿ ಬರೆದ ಎಲ್ಲರ ಕಥೆಯೂ ನನ್ನ ಎದುರಿನ ಕುರ್ಚಿಯಲ್ಲಿ ದಿನಾ ಕೂರುತ್ತದೆ.

ಯಾಲಕ್ಕಿ ತಮ್ಮಾ, ಕೆಮ್ಮಣ್ಣಿಂದ ಹೋಗಿದ್ದಲ್ಲ, ತಾನಾಗಿ ಹೋಗಿದ್ದು. ಮರುಕಳಿಸುವ ಹರ್ಪಿಸ್ ಏನೂ ಮಾಡದಿದ್ದರೂ ಒಂದು ಒಂದೂವರೆ ವಾರದಲ್ಲಿ ಆರುತ್ತದೆ. ಅದಕ್ಕೇ ಮಣ್ಣು, ಪುಡಿ, ಲೇಹ್ಯ ಎಲ್ಲಕ್ಕೂ ಹೆಸರು ಬರುತ್ತದೆ. ಬೇರು ಇರುವುದು ರಕ್ತದಲ್ಲಿ ಅಲ್ಲ. ಗುಳ್ಳೆ ಆರಿದ ಮೇಲೆ ವೈರಸ್ ನರ ಹಿಡಿದು ಮೇಲೆ ಹೋಗಿ ಬೆನ್ನುಮೂಳೆಯ ಬುಡದ ಹತ್ತಿರ ನರಗಳ ಗಂಟಿನಲ್ಲಿ ಮಲಗುತ್ತದೆ. ಎದ್ದಾಗ ಅದೇ ನರದ ದಾರಿಯಲ್ಲಿ ಇಳಿಯುತ್ತದೆ. ಉಣಕಲ್ ಅವರ ತೊಡೆಯಲ್ಲಿ ಇರುವೆ ಹರಿಯುವುದು ಅದೇ. ಮಲಗಿರುವ ವೈರಸ್ ಅನ್ನು ತೆಗೆಯುವ ಔಷಧಿ ಇವತ್ತಿನವರೆಗೂ ಇಲ್ಲ, ಲಸಿಕೆಯೂ ಇಲ್ಲ. ಗುಳಿಗೆ ಮಾಡುವುದು ಎದ್ದ ವೈರಸ್ ಬೆಳೆಯದ ಹಾಗೆ ತಡೆಯುವುದು. ಹಾಗಾಗಿ ಹೊತ್ತು ಮುಖ್ಯ.

ಒಬ್ಬರಿಗೇ ಬಂದಿದೆ ಅನ್ನುವ ಸಂಕಟ ಎಲ್ಲರಿಗೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಲೆಕ್ಕದಲ್ಲಿ 15ರಿಂದ 49 ವಯಸ್ಸಿನ 84.6 ಕೋಟಿ ಜನರಿಗೆ ಜನನಾಂಗದ ಹರ್ಪಿಸ್ ಸೋಂಕು ಇದೆ, ಐದರಲ್ಲಿ ಒಬ್ಬರಿಗಿಂತ ಜಾಸ್ತಿ. ಅವರಲ್ಲಿ ಬಹಳ ಜನರಿಗೆ ತಮಗೆ ಇದೆ ಅಂತಲೇ ಗೊತ್ತಿಲ್ಲ.

ಉಣಕಲ್ ಅವರೇ, ವರ್ಷಕ್ಕೆ 5-6 ಸಲ ಬಂದರೆ ದಿನಾ ಗುಳಿಗೆ ತೆಗೆದುಕೊಳ್ಳುವ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಬಹುದು. ಅಸೈಕ್ಲೋವಿರ್ 400 ದಿನಕ್ಕೆ 2, ಇಲ್ಲ ವಾಲಾಸೈಕ್ಲೋವಿರ್ 500 ದಿನಕ್ಕೆ 1, ಹೀಗೆ ಕೊಡುತ್ತಾರೆ. ಜಾಸ್ತಿ ಸಲ ಬರುವವರಲ್ಲಿ 70ರಿಂದ 80 ಶೇಕಡಾ ಕಡಿಮೆಯಾಗುತ್ತದೆ. ಜೀವನಪೂರ್ತಿ ಅಂತಲ್ಲ, ವರ್ಷಕ್ಕೊಮ್ಮೆ ಬೇಕಾ ಬೇಡವಾ ಅಂತ ಮತ್ತೆ ಯೋಚಿಸುತ್ತಾರೆ, ಕಾಲ ಕಳೆದ ಹಾಗೆ ಅದು ಏಳುವುದೂ ಕಡಿಮೆಯಾಗುತ್ತದೆ.

ದುಡ್ಡಿನ ತೊಂದರೆ ಇರುವವರು, ಓಣಿಯ ಅಂಗಡಿಗೆ ಹೋಗಲಾರದವರು ಜಿಲ್ಲಾ ಆಸ್ಪತ್ರೆ ಅಥವಾ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಸುರಕ್ಷಾ ಕ್ಲಿನಿಕ್ (ಲೈಂಗಿಕ ಸೋಂಕಿನ ವಿಭಾಗ) ಎಲ್ಲಿದೆ ಅಂತ ಕೇಳಿ. ಅಲ್ಲಿ ಪರೀಕ್ಷೆ ಮಾಡಿ ಔಷಧಿಯನ್ನು ಬಣ್ಣದ ಕಿಟ್‌ಗಳಲ್ಲಿ ಪುಕ್ಕಟೆ ಕೊಡುತ್ತಾರೆ. ಹರ್ಪಿಸ್‌ನದು ಕೆಂಪು ಕಿಟ್, 5ನೇ ನಂಬರ್, 7 ದಿನದ ಅಸೈಕ್ಲೋವಿರ್ ಇರುತ್ತದೆ. ನಿಮ್ಮ ವಿಷಯ ಹೊರಗೆ ಹೋಗಲ್ಲ. ಎಲ್ಲಿ ಹೋಗಬೇಕು ಗೊತ್ತಾಗದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ. ಒಮ್ಮೆ ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಹೆದರಿಸೋಕೆ ಹೇಳ್ತಿಲ್ಲ. ಹುಣ್ಣು ಇದ್ದಾಗ ಎಚ್‌ಐವಿ ಒಳಗೆ ಬರುವ ದಾರಿ ಸುಲಭವಾಗುತ್ತದೆ, ಮತ್ತೆ ಸಿಫಿಲಿಸ್ ಹುಣ್ಣು ಇದ್ದರೆ ಅದರ ಔಷಧಿಯೇ ಬೇರೆ.

ಹೆಸರಿಲ್ಲದವ:

ಮನೆಯಲ್ಲಿ ಹೇಗೆ ಹೇಳಿದಿರಿ ಅಂತ ಕೇಳಿದ್ದೀಯ. ಹೆಂಡತಿಗೆ ಹೇಳಬೇಡ ಅಣ್ಣಾ. ನಮ್ಮ ಕಡೆ ಇಂಥ ಮಾತು ಹೊರಗೆ ಬಿದ್ದರೆ ಸಂಸಾರ ಉಳಿಯಲ್ಲ, ಬೀಗರ ತನಕ ಹೋಗುತ್ತದೆ. ಗುಳ್ಳೆ ಬಂದಾಗ ದೂರ ಇದ್ದರೆ ಸಾಕು. ನಾನು 6 ವರ್ಷದಿಂದ ಹಾಗೇ ಇದ್ದೇನೆ.

ಮಳೆ ಧಾರವಾಡ:

ನಾನು ಒಪ್ಪಲ್ಲ. ನನಗೆ ಬಂದಿದ್ದು ನನ್ನ ಗಂಡನಿಂದ. ಅವರಿಗೆ ಗುಳ್ಳೆ ಬಂದಾಗ ದೂರ ಇರುತ್ತಿದ್ದರು, ಯಾಕೆ ಅಂತ ಹೇಳುತ್ತಿರಲಿಲ್ಲ. ಏನೂ ಇಲ್ಲದ ದಿನ ಬಂತು ನನಗೆ. ಮೊದಲ ಸಲ ನನಗೆ ಎಷ್ಟು ಜೋರಾಗಿತ್ತು ಅಂದರೆ ಮೂತ್ರವೇ ಕಟ್ಟಿತು, ಒಂದು ರಾತ್ರಿಯಿಡೀ ಹೊಟ್ಟೆ ಉಬ್ಬಿ ಒದ್ದಾಡಿ ಬೆಳಿಗ್ಗೆ ದವಾಖಾನೆಯಲ್ಲಿ ನಳಿಗೆ ಹಾಕಿ ತೆಗೆದರು. ಯಾರಿಗಾದರೂ ಹಾಗೆ ಮೂತ್ರ ನಿಂತರೆ, ಇಲ್ಲ ತಲೆ ಸಿಡಿದು ಕತ್ತು ಬಿಗಿಯಾದರೆ ಮನೆಯಲ್ಲಿ ಕೂರಬೇಡಿ, ತಕ್ಷಣ ಹೋಗಿ.

ನನಗೆ ರೋಗ ಬಂತು ಅಂತ ಅಷ್ಟು ನೋವಾಗಲಿಲ್ಲ. ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ, ಅದಕ್ಕೆ ಆಯಿತು. ಮೊದಲೇ ಹೇಳಿದ್ದರೆ ನಾನೇ ಅವರ ಗುಳಿಗೆ ನೆನಪು ಮಾಡುತ್ತಿದ್ದೆ.

ಸಮಾಲೋಚಕಿ:

ಅಕ್ಕ ಹೇಳಿದ್ದು ಸರಿ. ಗುಳ್ಳೆ ಇಲ್ಲದ ದಿನವೂ ಚರ್ಮದಿಂದ ವೈರಸ್ ಆಗಾಗ ಹೊರಗೆ ಬರುತ್ತಿರುತ್ತದೆ. ಗುಳ್ಳೆ ಇದ್ದಾಗ ಮಾತ್ರ ದೂರ ಇರುವುದು ಸಾಲದು. ಜುಮುಜುಮು ಅಂದಾಗಿನಿಂದ ಹುಣ್ಣು ಪೂರ್ತಿ ಆರುವ ತನಕ ಸೇರಬಾರದು, ಉಳಿದ ದಿನ ಕಾಂಡೋಮ್. ಕಾಂಡೋಮ್ ಎಲ್ಲ ಜಾಗ ಮುಚ್ಚಲ್ಲ, ಆದರೂ ಅಪಾಯ ತಗ್ಗುತ್ತದೆ. 2004ರಲ್ಲಿ ಬಂದ ಅಧ್ಯಯನದಲ್ಲಿ, ಸೋಂಕು ಇದ್ದವರು ದಿನಾ ವಾಲಾಸೈಕ್ಲೋವಿರ್ 500 ತೆಗೆದುಕೊಂಡಾಗ ಸಂಗಾತಿಗೆ ದಾಟುವುದು ಸುಮಾರು ಅರ್ಧಕ್ಕೆ ಇಳಿಯಿತು. ಇವೆಲ್ಲವನ್ನೂ ಮಾಡಬೇಕು ಅಂದರೆ ಅವರಿಗೆ ಗೊತ್ತಿರಬೇಕಲ್ಲ.

ನಂಬುತ್ತಾಳಾ ಅಂತ ಕೇಳಿದಿರಿ. ಯಾವಾಗ ಬಂತು, ಯಾರಿಂದ ಬಂತು ಅಂತ ಗುಳ್ಳೆ ನೋಡಿ ಯಾರೂ ಹೇಳೋಕೆ ಆಗಲ್ಲ. ಸೋಂಕು ತಗುಲಿ ವರ್ಷಗಟ್ಟಲೆ ಸುಮ್ನೆ ಇದ್ದು ಆಮೇಲೆ ಮೊದಲ ಸಲ ಕಾಣಬಹುದು. ಈಗಿನ ಗುಳ್ಳೆ ಈಗಿನ ಮೋಸಕ್ಕೆ ಸಾಕ್ಷಿ ಅಲ್ಲ. ಇನ್ನೊಂದು, ಇದರಲ್ಲಿ ಎರಡು ಬಗೆ. ತುಟಿಯ ಮೇಲೆ ಜ್ವರದ ಗುಳ್ಳೆ ಅಂತ ಬರುತ್ತದಲ್ಲ, ಅದು ಟೈಪ್ 1. ಬಾಯಿಂದ ಮಾಡಿದಾಗ ಅದೇ ಜನನಾಂಗಕ್ಕೂ ಬರುತ್ತದೆ, ಆದರೆ ಅಲ್ಲಿ ಪದೇ ಪದೇ ಏಳುವುದು ಕಡಿಮೆ. ನಿಮ್ಮದು ಇಷ್ಟು ಸಲ ಬರುತ್ತಿದೆ ಅಂದರೆ ಟೈಪ್ 2 ಇರಬಹುದು. ಮುಂದಿನ ಸಲ ಹೊಸ ಗುಳ್ಳೆ ಇರುವಾಗಲೇ ಹೋಗಿ, ಅದರ ನೀರು ತೆಗೆದು ಪಿಸಿಆರ್ ಅನ್ನುವ ವೈರಸ್ ಪತ್ತೆ ಪರೀಕ್ಷೆ ಮಾಡಿಸಿದರೆ ಖಚಿತ ಗೊತ್ತಾಗುತ್ತದೆ.

ಇಬ್ಬರೂ ಒಟ್ಟಿಗೆ ಬಂದರೆ ನಾವೇ ಕೂರಿಸಿಕೊಂಡು ಹೇಳುತ್ತೇವೆ. ಡಾಕ್ಟರ್ ಬಾಯಿಂದ ಕೇಳಿದಾಗ ಅರ್ಧ ಜಗಳ ತಪ್ಪುತ್ತದೆ.

ಬೆಟಗೇರಿ ನೂಲು:

ಅಕ್ಕಾ, ನನಗೊಂದು ಪ್ರಶ್ನೆ. ನಾನು ಗದಗ, 5 ತಿಂಗಳ ಬಸುರಿ. ಯಾವುದೋ ಲ್ಯಾಬಿನಲ್ಲಿ ಟಾರ್ಚ್ ಅಂತ ರಕ್ತ ಪರೀಕ್ಷೆ ಮಾಡಿಸಿದರು, ಹರ್ಪಿಸ್ ಐಜಿಎಂ ಪಾಸಿಟಿವ್ ಬಂದಿದೆ. ನನಗೆ ಯಾವತ್ತೂ ಗುಳ್ಳೆ ಬಂದಿಲ್ಲ, ನನ್ನ ಗಂಡನಿಗೂ ಇಲ್ಲ. ಅತ್ತೆ ರಿಪೋರ್ಟ್ ಗೂಗಲ್ ಮಾಡಿಸಿ ನೋಡಿದ್ದಾರೆ. 4 ದಿನದಿಂದ ಮನೆಯಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಮಗು ತೆಗೆಸಬೇಕಾ?

ಸಮಾಲೋಚಕಿ:

ತಂಗೀ, ಬೇಡ, ಬೇಡ. ಆ ರಿಪೋರ್ಟಿನ ಮೇಲೆ ಯಾರೂ ಅಂಥ ತೀರ್ಮಾನ ಮಾಡಬಾರದು. ಐಜಿಎಂ ಅಂದರೆ ಹೊಸ ಸೋಂಕಿನ ಗುರುತನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆ, ಹರ್ಪಿಸ್‌ಗೆ ಅದು ನಂಬಿಕೆಗೆ ಯೋಗ್ಯ ಅಲ್ಲ. ಸುಳ್ಳು ಪಾಸಿಟಿವ್ ಬರುತ್ತದೆ, ಟೈಪ್ 1 ಮತ್ತು 2ನ್ನು ಸರಿಯಾಗಿ ಬೇರೆ ಮಾಡಲ್ಲ, ಸಣ್ಣವಳಿದ್ದಾಗ ತುಟಿಗೆ ಬಂದ ಜ್ವರದ ಗುಳ್ಳೆಯದೂ ಇರಬಹುದು. ಜಗತ್ತಿನಲ್ಲಿ 50 ವರ್ಷದ ಒಳಗಿನ ಅರ್ಧಕ್ಕಿಂತ ಜಾಸ್ತಿ ಜನರಿಗೆ ಟೈಪ್ 1 ಇದೆ. ಹಳೆಯ ಸೋಂಕಿನ ಗುರುತು ನೋಡುವ ಐಜಿಜಿ ಪರೀಕ್ಷೆ ಸ್ವಲ್ಪ ಮೇಲು, ಅದರಲ್ಲೂ ನಂಬರ್ ಕಡಿಮೆ ಇದ್ದರೆ ಸುಳ್ಳು ಪಾಸಿಟಿವ್ ಇರಬಹುದು.

ನಿಜವಾಗಿ ಹರ್ಪಿಸ್ ಇದ್ದ ತಾಯಂದಿರಿಗೂ ಮಗು ಚೆನ್ನಾಗಿ ಹುಟ್ಟುತ್ತದೆ. ಹಳೆಯ ಸೋಂಕು ಇದ್ದವರಲ್ಲಿ ಹೆರಿಗೆಯಲ್ಲಿ ಮಗುವಿಗೆ ದಾಟುವುದು 100ರಲ್ಲಿ ಒಂದಕ್ಕಿಂತ ಕಡಿಮೆ. ಎಚ್ಚರ ಬೇಕಾದ್ದು ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ತಗುಲಿದರೆ, ಆಗ ಅಪಾಯ ದೊಡ್ಡದು, 100ರಲ್ಲಿ 30ರಿಂದ 50. ಗೊತ್ತಿದ್ದವರಿಗೆ 36ನೇ ವಾರದಿಂದ ಅಸೈಕ್ಲೋವಿರ್ ಕೊಡುತ್ತಾರೆ, ಹೆರಿಗೆ ನೋವು ಶುರುವಾದಾಗ ಗುಳ್ಳೆ ಅಥವಾ ಜುಮುಜುಮು ಇದ್ದರೆ ಸಿಸೇರಿಯನ್ ಮಾಡುತ್ತಾರೆ. ನಾಳೆಯೇ ಹೆರಿಗೆ ಡಾಕ್ಟರ್ ಹತ್ತಿರ ರಿಪೋರ್ಟ್ ಒಯ್ಯಿ, ಅತ್ತೆಯವರನ್ನೂ ಕರೆದುಕೊಂಡು ಹೋಗು, ಅವರೇ ಕೇಳಲಿ.

ಮಾತ್ರೆ ಡಬ್ಬಿ:

ತಂಗೀ, ಹೋಗಿ ಬಂದ ಮೇಲೆ ಒಂದು ಸಾಲು ಬರಿ. ಎಲ್ಲರೂ ಕಾಯುತ್ತಿರುತ್ತೇವೆ.

ದುರ್ಗದಬೈಲ್:

ಉರಿ ಕಡಿಮೆ ಮಾಡಿಕೊಳ್ಳೋಕೆ ಮನೆಯಲ್ಲಿ ಏನು ಮಾಡ್ತೀರಿ? ಇವತ್ತು ಎರಡನೇ ದಿನ, ಕೂರೋಕೂ ಆಗ್ತಿಲ್ಲ. ಗುಳಿಗೆ ನಿನ್ನೆ ಶುರು ಮಾಡಿದ್ದೇನೆ.

ಮಳೆ ಧಾರವಾಡ:

ಅಗಲವಾದ ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರು, ಒಂದು ಮುಷ್ಟಿ ಉಪ್ಪು, 10-15 ನಿಮಿಷ ಕೂತುಕೋ. ದಿನಕ್ಕೆ ಎರಡು ಸಲ. ಆಮೇಲೆ ಒರೆಸಬೇಡ, ಮೆತ್ತನೆಯ ಬಟ್ಟೆಯಿಂದ ಒತ್ತಿ ತೆಗೆ. ಮೂತ್ರ ಮಾಡುವಾಗ ಚೊಂಬಿನಲ್ಲಿ ನೀರು ಇಟ್ಟುಕೊಂಡು ಮೇಲಿಂದ ಸುರಿಯುತ್ತಾ ಮಾಡು, ಉರಿ ಅರ್ಧಕ್ಕರ್ಧ ತಗ್ಗುತ್ತದೆ. ಈ ಒಂದು ಚೊಂಬಿನ ಉಪಾಯ ನನಗೆ ಒಬ್ಬ ನರ್ಸಮ್ಮ ಹೇಳಿಕೊಟ್ಟಿದ್ದು, ಅವರನ್ನು ಇವತ್ತಿಗೂ ನೆನೆಯುತ್ತೇನೆ. ಉರಿ ಆಗುತ್ತದೆ ಅಂತ ನೀರು ಕುಡಿಯೋದು ಬಿಡಬೇಡ, ಮೂತ್ರ ಗಟ್ಟಿಯಾದರೆ ಇನ್ನೂ ಉರಿ. ಜೀನ್ಸ್ ಬಿಡು, ಹತ್ತಿಯ ಸಡಿಲ ಚಡ್ಡಿ ಮೇಲೆ ಲುಂಗಿ ಉಟ್ಟುಕೋ. ನೋವಿಗೆ ಪ್ಯಾರಾಸಿಟಮಾಲ್.

ಗುಳ್ಳೆ ಮುಟ್ಟಿದ ಕೈ ಸೋಪಿನಿಂದ ತೊಳೆ, ಅದೇ ಕೈಯಿಂದ ಕಣ್ಣು ಉಜ್ಜಬೇಡ. ಕಣ್ಣಿಗೆ ಬಂದರೆ ಅದು ಬೇರೆಯೇ ಕಷ್ಟ. ಅರಿಶಿನ, ಸುಣ್ಣ, ಡೆಟಾಲ್ ಏನೂ ಹಚ್ಚಬೇಡ.

ದುರ್ಗದಬೈಲ್:

ಚೊಂಬು ಕೆಲಸ ಮಾಡಿತು ಅಕ್ಕಾ. ಅವ್ವನಿಗೆ ಚಟ್ನಿ ಹಾಕು ಅಂತಲೂ ಹೇಳಿದೆ.

ಬೆಟಗೇರಿ ನೂಲು:

ಹೋಗಿ ಬಂದೆವು. ಅತ್ತೆಯೂ ಬಂದಿದ್ದರು. ಡಾಕ್ಟರ್ ಆ ಕಾಗದವನ್ನು ಪಕ್ಕಕ್ಕಿಟ್ಟು, ಇದಕ್ಕೆ ಅರ್ಥ ಇಲ್ಲ, ಮಗು ಬೆಳವಣಿಗೆ ಚೆನ್ನಾಗಿದೆ ಅಂದರು. ಅತ್ತೆ ಹೊರಗೆ ಬಂದು ಆಟೊದಲ್ಲಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು, ಮಾತಾಡಲಿಲ್ಲ. ಎಲ್ಲರಿಗೂ ತುಂಬಾ ಧನ್ಯವಾದ.

ಉಣಕಲ್ ದಂಡೆ (6 ವಾರದ ನಂತರ):

ಬರೆಯೋದು ತಡವಾಯಿತು, ಕ್ಷಮಿಸಿ.

ಹೇಳಿದೆ. ಮಗ ಮಲಗಿದ ಮೇಲೆ, ಅಡುಗೆಮನೆಯಲ್ಲಿ. ಪುಣೆ ವಿಷಯ, ಗುಳ್ಳೆ ವಿಷಯ ಎಲ್ಲಾ. ಅವಳು ಪಾತ್ರೆ ಒರೆಸುತ್ತಿದ್ದಳು, ಒರೆಸುತ್ತಲೇ ಇದ್ದಳು. ಪುಣೆಗೆ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಅಂದಿದ್ದು ಒಂದೇ ಮಾತು: "ಎರಡು ವರ್ಷ ಬೆನ್ನು ನೋವು ಅಂದ್ರಿ. ನಾನು ಎಣ್ಣಿ ಕಾಸಿ ತಿಕ್ಕೇನಿ." ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಳೆ ಧಾರವಾಡ ಅಕ್ಕಾ, ನೀವು ಬರೆದಿದ್ದು ಆಗ ಅರ್ಥ ಆಯಿತು.

10 ದಿನ ಬಿಟ್ಟು ಅವಳೇ ದವಾಖಾನೆಗೆ ಯಾವಾಗ ಅಂತ ಕೇಳಿದಳು. ಇಬ್ಬರೂ ಹೋದೆವು. ಡಾಕ್ಟರ್ ಸಮಾಲೋಚಕಿಯವರು ಹೇಳಿದ್ದನ್ನೇ ಹೇಳಿದರು, ಯಾವಾಗ ಬಂತು ಅಂತ ಹೇಳಲು ಆಗಲ್ಲ ಅಂತ. ಎಚ್‌ಐವಿ, ಸಿಫಿಲಿಸ್ ಇಬ್ಬರಿಗೂ ಇಲ್ಲ. ಅವಳಿಗೆ ಟೈಪ್ 2 ಐಜಿಜಿ ನೆಗೆಟಿವ್ ಬಂದಿದೆ. ರಿಪೋರ್ಟ್ ನೋಡಿದಾಗ ನನಗೆ ಅಳು ಬಂತು. ಸೋಂಕು ಹೊಸದಾಗಿದ್ದರೆ ರಕ್ತದಲ್ಲಿ ಕಾಣಲು 12 ವಾರದವರೆಗೆ ಬೇಕಾಗಬಹುದು, ಅದಕ್ಕೆ 3 ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಲು ಹೇಳಿದ್ದಾರೆ.

ನನಗೆ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ನೋಡಿ ವಾಲಾಸೈಕ್ಲೋವಿರ್ 500 ದಿನಾ ಒಂದು ಬರೆದಿದ್ದಾರೆ, ಒಂದು ವರ್ಷ. ಕಾಂಡೋಮ್ ಜೊತೆಗೆ. ಔಷಧಿ ಗೋಕುಲ ರೋಡ್ ಕಡೆ ಒಂದು ಅಂಗಡಿಯಲ್ಲಿ ತರುತ್ತೇನೆ, ಕೆಲಸದಿಂದ ಬರುವ ದಾರಿ, ತಿಂಗಳಿಗೆ ಆಗುವಷ್ಟು ಒಮ್ಮೆಲೇ. ಅಲ್ಲಿ ಯಾರೂ ಏನೂ ಕೇಳಲಿಲ್ಲ. ದಿನದ ಗುಳಿಗೆ ಶುರುವಾಗುವ ಮುಂಚೆ ಒಂದು ರಾತ್ರಿ ತೊಡೆಯಲ್ಲಿ ಇರುವೆ ಹರಿಯಿತು. ಆ ಹೊತ್ತಿಗೆ ಗುಳಿಗೆ ಮನೆಯಲ್ಲಿತ್ತು, 1 ಗಂಟೆಗೆ ಎದ್ದು ನುಂಗಿದೆ. ಎರಡೇ ಗುಳ್ಳೆ ಬಂದವು, ನಾಲ್ಕನೇ ದಿನಕ್ಕೆ ಒಣಗಿದವು.

ಪಾಕೀಟು ಈಗ ಬಚ್ಚಿಟ್ಟಿಲ್ಲ. ಅವಳ ಥೈರಾಯ್ಡ್ ಗುಳಿಗೆ ಇರುವ ಸ್ಟೀಲ್ ಡಬ್ಬಿಯಲ್ಲೇ ಇದೆ. ಅವಳು ಇನ್ನೂ ಮೊದಲಿನ ಹಾಗೆ ಮಾತಾಡುತ್ತಿಲ್ಲ, ನಾನೂ ಅವಸರ ಮಾಡಿಲ್ಲ. ನಿನ್ನೆ ರಾತ್ರಿ ಊಟ ಆದ ಮೇಲೆ ಆ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟು "ಗುಳಿಗಿ ತಗೊಂಡ್ರೇನು?" ಅಂದಳು.